ಮುರಿದ ಎಸಳು, ಕಳೆದುಹೋದ ಲೋಲಕ: ಒಂದು ಬೊಹೀಮಿಯನ್ ಲಸ್ಟರ್ ರಿಪೇರಿ

ಈ ಸಲ ಮೇಜಿನ ಮೇಲೆ ಬಂದು ಕೂತಿರುವುದು ಬೊಹೀಮಿಯಾದ (ಈಗಿನ ಚೆಕ್ ದೇಶದ ಪಶ್ಚಿಮ ಭಾಗದ) ಒಂದು ಲಸ್ಟರ್. ಲಸ್ಟರ್ ಅಂದರೆ ಕಾಲಿರುವ ಗಾಜಿನ ಬಟ್ಟಲು. ಬಟ್ಟಲಿನ ಅಂಚಿನಿಂದ ಸುತ್ತಲೂ ಸಾಣೆ ಹಿಡಿದ ಉದ್ದನೆಯ ಗಾಜಿನ ಲೋಲಕಗಳು ಇಳಿಬಿದ್ದಿರುತ್ತವೆ. 19ನೇ ಶತಮಾನದ ಯುರೋಪಿನಲ್ಲಿ ಉಳ್ಳವರ ಮನೆಯ ಬೆಂಕಿಗೂಡಿನ ಕಟ್ಟೆಯ ಮೇಲೆ ಇಂಥವನ್ನು ಜೋಡಿಯಾಗಿ ಇಡುತ್ತಿದ್ದರು. ಮೇಣದಬತ್ತಿ ಹಚ್ಚಿದರೆ ಲೋಲಕಗಳು ಬೆಳಕನ್ನು ಒಡೆದು ಗೋಡೆಗೆಲ್ಲ ಎರಚುತ್ತಿದ್ದವು. ನನಗೆ ಸಿಕ್ಕಿದ್ದು ಜೋಡಿಯಲ್ಲ, ಒಂಟಿ. ಅದೂ ಪೆಟ್ಟು ತಿಂದದ್ದು.

ಎತ್ತರ 31 ಸೆಂ.ಮೀ. ಹೊರಮೈ ಹಾಲುಬಿಳುಪು. ಆ ಬಿಳಿಯನ್ನು ಅಲ್ಲಲ್ಲಿ ಕೊರೆದು ಕಿಟಕಿ ಮಾಡಿದ್ದಾರೆ, ಕಿಟಕಿಯೊಳಗೆ ಮಾಣಿಕ್ಯದ ಕೆಂಪು. ಬಿಳಿಯ ಮೇಲೆ ಕೈಯಲ್ಲಿ ಬರೆದ ಸಣ್ಣ ಹೂಗೊಂಚಲು, ಅಂಚಿಗೆಲ್ಲ ಚಿನ್ನದ ಗೆರೆ. ಬಾಯಿ ಎಸಳೆಸಳಾಗಿ ಅರಳಿದೆ. 10 ಎಸಳು, ಎಸಳಿಗೊಂದು ತೂತು. ಅಂದರೆ 10 ಲೋಲಕ ಇರಬೇಕು, ಇದ್ದದ್ದು 7. ಒಂದು ಎಸಳು ಯಾವತ್ತೋ ಮುರಿದಿತ್ತು, ಯಾರೋ ಅಂಟಿಸಿದ್ದರು, ಆ ಅಂಟು ಈಗ ಹಳದಿಯಾಗಿ ಬಿರುಕಿನಿಂದ ಹೊರಗೆ ಉಕ್ಕಿಕೊಂಡಿತ್ತು. ಬಟ್ಟಲಿನೊಳಗೆ ಮೇಣ, ಮಸಿ, ಸುಣ್ಣದ ಬಿಳಿ ಕಲೆ. ಅದರಲ್ಲಿ ನೀರು ಹಾಕಿ ಹೂ ಇಡುತ್ತಿದ್ದರು ಅಂತ ಕಾಣುತ್ತದೆ. ಪಾದದ ಹತ್ತಿರ ಚಿನ್ನದ ಗೆರೆಯ ಮೇಲೆ ಕಂಚಿನ ಬಣ್ಣ ಬಳಿದಿದ್ದರು. ಲೋಲಕದ ತಂತಿಗಳಲ್ಲಿ ಕೆಲವು ಹಿತ್ತಾಳೆ, ಕೆಲವು ತುಕ್ಕು ಹಿಡಿದ ಕಬ್ಬಿಣ.

ಕೆಲಸಕ್ಕೆಂದು ಪ್ರಾಗ್‌ಗೆ ಬಂದಮೇಲೆ ನನಗೆ ಹಳೇ ಬೊಹೀಮಿಯನ್ ಗಾಜು ಕೂಡಿಹಾಕುವ ಅಭ್ಯಾಸ ಹತ್ತಿತು. ಇಲ್ಲಿ ವಾರದ ಕೊನೆಯಲ್ಲಿ ಹಳೇ ಸಾಮಾನಿನ ಸಂತೆಗೆ ಹೋದರೆ ಗಾಜು ಇಲ್ಲದ ಮೇಜೇ ಇರುವುದಿಲ್ಲ. ಶುರುವಿನಿಂದಲೂ ನಾನು ಹೆಚ್ಚಾಗಿ ಒಡೆದದ್ದು, ಸೀಳಿದ್ದು, ಅರ್ಧ ಇಲ್ಲದ್ದನ್ನೇ ಕೊಳ್ಳುತ್ತೇನೆ. ಬೆಲೆ ಕಡಿಮೆ ಅನ್ನುವುದು ಒಂದು ಕಾರಣ ಅಷ್ಟೇ. ಮುಖ್ಯ ಕಾರಣ ಏನೆಂದರೆ, ಗಾಜು ಹೇಗೆ ಮಾಡಿದ್ದಾರೆ ಅನ್ನುವುದು ಮುರಿದ ಅಂಚಿನಲ್ಲೇ ಕಾಣುತ್ತದೆ. ಸರಿಯಾಗಿರುವ ಪಾತ್ರೆಯನ್ನು ಕಪಾಟಿನಲ್ಲಿಟ್ಟು ಹತ್ತು ವರ್ಷ ನೋಡಿದರೂ ಅದು ಮೈ ಮಾತ್ರ ತೋರಿಸುತ್ತದೆ. ಮುರಿದದ್ದು ಒಳಗನ್ನೂ ತೋರಿಸುತ್ತದೆ.

ಈ ಲಸ್ಟರಿನ ಎಸಳನ್ನು ಬಿಚ್ಚಿದ ಮೇಲೆ ಅಂಚನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದೆ. ಮೂರು ಪದರ. ಒಳಗಡೆ ದಪ್ಪಗೆ ಬಣ್ಣವಿಲ್ಲದ ಗಾಜು, ಅದರ ಮೇಲೆ ತೆಳ್ಳಗೆ ಕೆಂಪು, ಎಲ್ಲಕ್ಕಿಂತ ಹೊರಗೆ ಬಿಳಿ. ಹೊರಗಿಂದ ನೋಡಿದರೆ ಇಡೀ ಬಟ್ಟಲೇ ಕೆಂಪು ಗಾಜಿನದು ಅನ್ನಿಸುತ್ತದೆ. ನಿಜದಲ್ಲಿ ಕೆಂಪು ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅಷ್ಟು ಸಾಕು, ಯಾಕೆಂದರೆ ಇದು ಚಿನ್ನದಿಂದ ಬರುವ ಕೆಂಪು. ಕರಗಿದ ಗಾಜಿನಲ್ಲಿ ತೀರಾ ಸ್ವಲ್ಪ ಚಿನ್ನ ಸೇರಿಸುತ್ತಾರೆ. ಮೊದಲು ಬಣ್ಣವೇ ಕಾಣುವುದಿಲ್ಲ. ತಣಿಸಿ ಮತ್ತೆ ಕಾಯಿಸಿದಾಗ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಟ್ಟಿಯಾಗುತ್ತದೆ, ಆಗ ಕೆಂಪು ಏಳುತ್ತದೆ. ಬಣ್ಣ ಎಷ್ಟು ಗಾಢ ಅಂದರೆ ದಪ್ಪ ಪದರ ಹಾಕಿದರೆ ಕಪ್ಪಗೇ ಕಾಣುತ್ತದೆ, ಬೆಲೆಯೂ ಜಾಸ್ತಿ. ಹಾಗಾಗಿ ತೆಳು ಪದರ.

ಪದರ ಹಾಕುವ ಕೆಲಸ ಸುಲಭದ್ದಲ್ಲ. ಊದುವವನು ಕೊಳವೆಯ ತುದಿಯಲ್ಲಿ ಒಂದು ಗಾಜಿನ ಉಂಡೆ ಊದಿ, ಅದನ್ನು ಮೊದಲೇ ಮಾಡಿಟ್ಟ ಬಣ್ಣದ ಗಾಜಿನ ಬಟ್ಟಲೊಳಗೆ ಊದಿ ಕೂರಿಸುತ್ತಾನೆ. ಎರಡೂ ಬಿಸಿಯಲ್ಲಿ ಬೆಸೆದುಕೊಳ್ಳುತ್ತವೆ. ಮೂರನೇ ಪದರಕ್ಕೆ ಇದೇ ಇನ್ನೊಮ್ಮೆ. ಇಲ್ಲಿ ಒಂದು ಕಷ್ಟವಿದೆ. ಮೂರು ಗಾಜೂ ತಣ್ಣಗಾಗುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಒಂದು ಜಾಸ್ತಿ ಕುಗ್ಗಿತೋ, ಪಾತ್ರೆ ಅಲ್ಲೇ ಸೀಳುತ್ತದೆ, ಇಲ್ಲವೇ ವರ್ಷಗಳ ಮೇಲೆ ಒಂದು ದಿನ ತಾನಾಗಿಯೇ ಸೀಳುತ್ತದೆ. ಕಂಪ್ಯೂಟರ್ ಇಲ್ಲ, ಥರ್ಮಾಮೀಟರ್ ನಂಬುವ ಹಾಗಿಲ್ಲ, ಆ ಕಾಲದ ಗಾಜಿನ ಮೇಸ್ತ್ರಿಗಳು ಇದನ್ನೆಲ್ಲ ಕೈ ಲೆಕ್ಕದಲ್ಲೇ ಸಾಧಿಸಿದ್ದರು. ನನ್ನ ಲಸ್ಟರಿನ ಪದರಗಳ ನಡುವೆ ಒಂದು ಕೂದಲೆಳೆ ಬಿರುಕೂ ಇಲ್ಲ.

ಕೆಂಪು ಗಾಜು ಅಂದ ಕೂಡಲೇ ಮಾರುವವರು ಎಗರ್ಮಾನ್ ಅನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಫ್ರೀಡ್ರಿಖ್ ಎಗರ್ಮಾನ್ (1777–1864) ಉತ್ತರ ಬೊಹೀಮಿಯಾದ ನೊವಿ ಬೋರ್ ಕಡೆಯವನು. ಅವನು ಪ್ರಸಿದ್ಧನಾದದ್ದು ಬೇರೆ ಬಗೆಯ ಕೆಂಪಿಗೆ. ಬಣ್ಣವಿಲ್ಲದ ಗಾಜಿನ ಮೇಲೆ ತಾಮ್ರ ಬೆರೆಸಿದ ಲೇಪ ಬಳಿದು, ಗೂಡಿನಲ್ಲಿ ಸುಟ್ಟು, ಲೇಪ ತೊಳೆದರೆ ಗಾಜಿನ ಮೈಗೆ ಕೆಂಪು ಹಿಡಿದಿರುತ್ತದೆ. 1830ರ ದಶಕದ ಮೊದಲಲ್ಲಿ ಅವನು ಇದನ್ನು ಪಳಗಿಸಿದ. ಅದಕ್ಕೂ ಮೊದಲೇ ಬೆಳ್ಳಿಯಿಂದ ಹಳದಿ ಬರಿಸುವುದನ್ನು ಸಾಧಿಸಿದ್ದ, ಕಲ್ಲಿನ ಹಾಗೆ ಗೆರೆಗೆರೆಯಾಗಿ ಕಾಣುವ ಲಿಥ್ಯಾಲಿನ್ ಅನ್ನೋ ಗಾಜನ್ನೂ ತಂದಿದ್ದ. ಕಾರ್ಲೊವಿ ವಾರಿ, ಟೆಪ್ಲಿಟ್ಸೆ ಮುಂತಾದ ಬಿಸಿನೀರ ಬುಗ್ಗೆಯ ಊರುಗಳಿಗೆ ಬಂದವರು ನೆನಪಿಗೆ ಒಯ್ಯುತ್ತಿದ್ದ ಕೆಂಪು ಲೋಟಗಳು, ಅವುಗಳ ಮೇಲೆ ಬಿಳಿಗೆರೆಯಲ್ಲಿ ಕೆತ್ತಿದ ಜಿಂಕೆ, ಕಾಡು, ಊರಿನ ಬೀದಿ, ಅವೆಲ್ಲ ಹೆಚ್ಚಾಗಿ ಈ ಬಗೆಯವು. ಕೆಂಪು ತೀರಾ ತೆಳು, ಹಾಗಾಗಿ ಚಕ್ರ ತಾಗಿದ ಕೂಡಲೇ ಕೆಳಗಿನ ಬಣ್ಣವಿಲ್ಲದ ಗಾಜು ಬಿಳಿಗೆರೆಯಾಗಿ ಕಾಣುತ್ತದೆ. ಪರೀಕ್ಷೆ ಸುಲಭ. ಕೊರೆದ ಅಂಚನ್ನು ಓರೆಯಾಗಿ ಹಿಡಿದು ನೋಡಿ. ಬಣ್ಣಕ್ಕೆ ದಪ್ಪ ಇದ್ದರೆ ಅದು ಪದರ. ದಪ್ಪವೇ ಇಲ್ಲದೆ ಬರೀ ಮೈಮೇಲೆ ಇದ್ದರೆ ಅದು ಲೇಪ. ನನ್ನದು ಪದರ.

ಹಾಗಾದರೆ ಇದನ್ನು ಮಾಡಿದ್ದು ಯಾರು? ಮಾರಿದವರು ಮೋಸರ್ ಅಂದರು. ಸಂತೆಯಲ್ಲಿ ಚಿನ್ನದ ಗೆರೆ ಇರುವುದೆಲ್ಲ ಮೋಸರ್. ಲುಡ್ವಿಗ್ ಮೋಸರ್ 1857ರಲ್ಲಿ ಕಾರ್ಲೊವಿ ವಾರಿಯಲ್ಲಿ ಅಂಗಡಿ ತೆರೆದದ್ದು ನಿಜ, 1893ರಲ್ಲಿ ಸ್ವಂತ ಕುಲುಮೆ ಹಾಕಿದ್ದೂ ನಿಜ. ಆದರೆ ಇಂಥ ಬಿಳಿ-ಕೆಂಪು ಪದರದ ಕೆಲಸ ಅದಕ್ಕೂ ಮೊದಲಿನಿಂದ ಉತ್ತರದ ಹಳ್ಳಿಹಳ್ಳಿಯಲ್ಲಿ ನಡೆಯುತ್ತಿತ್ತು. ಒಂದು ಕುಲುಮೆ ಊದಿ ಕೊಡುತ್ತಿತ್ತು, ಉದಾಹರಣೆಗೆ 1712ರಿಂದ ದಾಖಲೆಯಲ್ಲಿರುವ, ಈಗಲೂ ನಡೆಯುತ್ತಿರುವ ಹರಾಖೊವ್‌ನ ಕುಲುಮೆ. ಇನ್ನೊಂದು ಊರಿನ ಮನೆಯಲ್ಲಿ ಸಾಣೆ ಹಿಡಿಯುತ್ತಿದ್ದರು, ಮತ್ತೊಂದು ಮನೆಯಲ್ಲಿ ಹೂ ಬರೆಯುತ್ತಿದ್ದರು, ಚಿನ್ನ ಹಚ್ಚುತ್ತಿದ್ದರು, ಕೊನೆಗೆ ನೊವಿ ಬೋರ್ ಇಲ್ಲವೇ ಕಾಮೆನಿಟ್ಸ್ಕಿ ಶೆನೋವ್‌ನ ವ್ಯಾಪಾರಿ ಮಾರುತ್ತಿದ್ದ. ಸಹಿ ಯಾರದ್ದೂ ಇಲ್ಲ. ನನ್ನ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು: ಉತ್ತರ ಬೊಹೀಮಿಯಾ, 19ನೇ ಶತಮಾನದ ಎರಡನೇ ಅರ್ಧ. ಅಷ್ಟೇ. ಗೊತ್ತಿರುವಷ್ಟು ಬರೆದರೆ ಸಾಕು, ಹೆಸರು ಅಂಟಿಸಿದರೆ ಗಾಜಿಗೆ ಏನೂ ಸೇರುವುದಿಲ್ಲ. (ಹಳೇ ಕ್ಯಾಟಲಾಗುಗಳಲ್ಲಿ ಊರುಗಳ ಜರ್ಮನ್ ಹೆಸರುಗಳೇ ಇರುತ್ತವೆ. ಹೈಡಾ ಅಂದರೆ ನೊವಿ ಬೋರ್, ಸ್ಟೈನ್‌ಶ್ಯೋನಾವ್ ಅಂದರೆ ಕಾಮೆನಿಟ್ಸ್ಕಿ ಶೆನೋವ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಮಾತಾಡುವ ಕುಶಲಕರ್ಮಿಗಳಲ್ಲಿ ಬಹಳಷ್ಟು ಜನರನ್ನು ದೇಶದಿಂದ ಹೊರಹಾಕಿದರು. ಮನೆತನದ ಕಸುಬುಗಳು ಹೀಗೆ ಊರಿನಿಂದಲೇ ಎದ್ದುಹೋದವು.)

ಹೊಸದನ್ನು ಹಳೆಯದೆಂದು ಮಾರುವುದೂ ಇದೆ. 1948ರಲ್ಲಿ ಸರ್ಕಾರಿ ರಫ್ತು ಸಂಸ್ಥೆ ಸ್ಕ್ಲೊಎಕ್ಸ್‌ಪೋರ್ಟ್ ಶುರುವಾದ ಮೇಲೂ ಪದರದ ಗಾಜು, ಚಿನ್ನ, ಹೂವಿನ ಪಾತ್ರೆಗಳು ಹಳೇ ಮಾದರಿಯಲ್ಲೇ ಹೊರದೇಶಕ್ಕೆ ಹೋಗುತ್ತಿದ್ದವು. ನಾನು ಮೊದಲು ನೋಡುವುದು ಪಾದದ ತಳ. ಮರದ ಮೇಲೆ, ಕಲ್ಲಿನ ಮೇಲೆ ನೂರು ವರ್ಷ ಕೂತ ಗಾಜಿಗೆ ನೆಲ ತಾಗುವ ಉಂಗುರದಲ್ಲಿ ಮಾತ್ರ, ದಿಕ್ಕುದಿಕ್ಕಿಗೆ, ಆಳ ಒಂದೇ ಸಮ ಇಲ್ಲದ ಗೀರುಗಳಿರುತ್ತವೆ. ಉಜ್ಜುಕಾಗದದಲ್ಲಿ ಮಾಡಿದ ಗೀರುಗಳು ಒಂದೇ ಕಡೆ ಓಡುತ್ತವೆ. ಆಮೇಲೆ ಕಿಟಕಿಯ ಅಂಚು. ಹಳೇ ಕೆಲಸದಲ್ಲಿ ಕಬ್ಬಿಣದ ಚಕ್ರಕ್ಕೆ ಮರಳು-ನೀರು ಹಾಕಿ ಕೊರೆದು, ಮರಳುಕಲ್ಲಿನ ಚಕ್ರದಲ್ಲಿ ನುಣುಪು ಮಾಡಿ, ಕೊನೆಗೆ ಮರದ ಚಕ್ರದಲ್ಲಿ ಹೊಳಪು ಕೊಡುತ್ತಿದ್ದರು. ಅಂಚು ಚೂಪಾಗಿ ಉಳಿಯುತ್ತದೆ. ಆಸಿಡ್‌ನಲ್ಲಿ ಅದ್ದಿ ಹೊಳಪು ಕೊಟ್ಟದ್ದಾದರೆ ಅಂಚು ಸ್ವಲ್ಪ ಕರಗಿದ ಹಾಗೆ ಮೃದುವಾಗಿರುತ್ತದೆ. ಹೂವನ್ನೂ ಮಸೂರದಲ್ಲಿ ನೋಡಿ. ಕುಂಚದ ಎಳೆ ಕಾಣಬೇಕು. ಚುಕ್ಕಿಚುಕ್ಕಿ ಕಂಡರೆ ಅದು ಅಚ್ಚು.

ಇನ್ನೊಂದು ಸಾಮಾನು ಜೇಬಿನಲ್ಲಿ ಇರಲೇಬೇಕು, 365 ನ್ಯಾನೊಮೀಟರಿನ ಯುವಿ ಟಾರ್ಚ್. ಎಲ್ಲರೂ ಅದನ್ನು ಯುರೇನಿಯಂ ಗಾಜು ಹುಡುಕಲು ಕೊಳ್ಳುತ್ತಾರೆ. 1830ರ ದಶಕದಿಂದ ಬೊಹೀಮಿಯಾದ ರೀಡೆಲ್ ಮನೆತನದವರು ಯುರೇನಿಯಂ ಬೆರೆಸಿ ಮಾಡಿಸಿದ ಹಳದಿ, ಹಸಿರು ಗಾಜು, ಆ ಮನೆಯ ಆನ್ನಾಳ ಹೆಸರಿಟ್ಟದ್ದು, ಈ ಬೆಳಕಲ್ಲಿ ಕಡು ಹಸಿರಾಗಿ ಉರಿಯುತ್ತದೆ, ನೋಡಲು ಬಹಳ ಚಂದ. ಆದರೆ ರಿಪೇರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಉಪಯೋಗ ಬೇರೆಯೇ ಇದೆ. ಹಳೇ ಅಂಟು, ತುಂಬಿದ ಜಾಗ, ಮೇಲೆ ಬಳಿದ ಬಣ್ಣ ಬಹಳ ಸಲ ಗಾಜಿಗಿಂತ ಬೇರೆ ಹೊಳಪು ಕೊಡುತ್ತವೆ. ಕತ್ತಲಲ್ಲಿ ಲಸ್ಟರಿನ ಸುತ್ತ ಟಾರ್ಚ್ ಆಡಿಸಿದೆ. ಎಸಳಿನ ಅಂಟು ಮಸುಕು ನೀಲಿಯಲ್ಲಿ ಕಂಡಿತು. ಅದರ ಪಕ್ಕ, ಹಗಲಲ್ಲಿ ಗೊತ್ತೇ ಆಗದ ಹಾಗೆ ಹೊರಗಿನ ಬಿಳಿ ಪದರದಲ್ಲಿ ಉಗುರಿನಷ್ಟು ಜಾಗಕ್ಕೆ ಪುಟ್ಟಿ ತುಂಬಿದ್ದೂ ಕಂಡಿತು. ಕೆಲಸ ಎಷ್ಟಿದೆ ಅಂತ ಆಗ ಗೊತ್ತಾಯಿತು.

ಮೊದಲು ಫೋಟೋ, ಎಲ್ಲ ಕಡೆಯಿಂದ. ಆಮೇಲೆ ಲೋಲಕಗಳನ್ನು ಇಳಿಸಿ, ಯಾವ ಎಸಳಿನದು ಯಾವುದು ಅಂತ ಸಂಖ್ಯೆ ಬರೆದ ದಾರ ಕಟ್ಟಿದೆ. ಪ್ರತಿ ಲೋಲಕಕ್ಕೆ ಎರಡು ಭಾಗ. ಮೇಲೆ ಎಂಟು ಮೂಲೆಯ ಸಣ್ಣ ಗುಂಡಿ, ಅದರ ಕೆಳಗೆ ಮೂರು ಮುಖದ ಉದ್ದನೆಯ ಕಡ್ಡಿ, ತುದಿ ಭರ್ಜಿಯ ಹಾಗೆ ಚೂಪು. ಕೈಯಲ್ಲಿ ಸಾಣೆ ಹಿಡಿದದ್ದಾದ್ದರಿಂದ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಅದಕ್ಕೇ ಸಂಖ್ಯೆ.

ತೊಳೆಯುವುದಕ್ಕೆ ಪ್ಲಾಸ್ಟಿಕ್ ಟಬ್ಬು, ಅದರ ತಳಕ್ಕೆ ಮಡಿಸಿದ ಟವೆಲ್, ಕೋಣೆಯ ಬಿಸಿಯಷ್ಟೇ ಇರುವ ನೀರು, ಎರಡು ಹನಿ ಸೌಮ್ಯ ಸೋಪಿನ ದ್ರಾವಣ. ಲೋಲಕಗಳನ್ನು ಮಾತ್ರ ಟಬ್ಬಿನಲ್ಲಿ ಮುಳುಗಿಸಿದೆ. ಬಟ್ಟಲನ್ನು ಮುಳುಗಿಸಬಾರದು. ಚಿನ್ನ ಬಹಳ ಮೆದು, ಬಿಸಿನೀರು, ಅಮೋನಿಯಾ, ಪಾತ್ರೆ ತೊಳೆಯುವ ಮೆಷಿನ್, ಉಜ್ಜುವ ಪುಡಿ, ಇವೆಲ್ಲ ಅದನ್ನು ತಿಂದುಹಾಕುತ್ತವೆ. ಹತ್ತಿ ಕಡ್ಡಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉರುಳಿಸುತ್ತಾ ಒರೆಸಿದೆ, ಉಜ್ಜಲಿಲ್ಲ. ಕಡ್ಡಿಯ ಹತ್ತಿಗೆ ಚಿನ್ನದ ಬಣ್ಣ ಹತ್ತಿದರೆ ಅಲ್ಲಿಗೆ ನಿಲ್ಲಿಸಬೇಕು. ಒಳಗಿನ ಮೇಣವನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಉಳಿದದ್ದನ್ನು ವೈಟ್ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ತೆಗೆದೆ.

ಸುಣ್ಣದ ಕಲೆಗೆ ಸಿಟ್ರಿಕ್ ಆಸಿಡ್, ತುಂಬಾ ತೆಳುವಾಗಿ. ಒಳಗೆ ಬಣ್ಣ, ಚಿನ್ನ ಏನೂ ಇಲ್ಲ, ಅದಕ್ಕೇ ಧೈರ್ಯ ಮಾಡಿದೆ. ಹೊರಗಿನ ಹೂವಿನ ಬಣ್ಣಗಳಲ್ಲಿ ಸೀಸ ಇರುತ್ತದೆ, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಹಾಗಾಗಿ ಒದ್ದೆ ಹತ್ತಿಯನ್ನು ಕಲೆಯ ಮೇಲೆ ಮಾತ್ರ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು, ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೆ ಮತ್ತೆ ಒರೆಸಿದೆ. ಕಲೆ ಬಹುಪಾಲು ಹೋಯಿತು. ತಳದಲ್ಲಿ ಒಂದು ಮಂಜು ಉಳಿಯಿತು. ಅದು ಕಲೆಯಲ್ಲ. ನೀರು ನಿಂತು ನಿಂತು ಗಾಜಿನ ಮೈಯೇ ಸವೆದಿದೆ. ಬೊಹೀಮಿಯನ್ ಗಾಜು ಮರದ ಬೂದಿಯ ಪೊಟ್ಯಾಶ್ ಮತ್ತು ಸುಣ್ಣ ಹಾಕಿ ಮಾಡಿದ್ದು, 17ನೇ ಶತಮಾನದ ಕೊನೆಯಲ್ಲಿ ಈ ಪಾಕ ಹದಕ್ಕೆ ಬಂತು. ಗಡಸು, ಹೊಳಪು, ಕೆತ್ತನೆಗೆ ಹೇಳಿ ಮಾಡಿಸಿದ್ದು. ಆದರೆ ಒಳಗಿನ ಪೊಟ್ಯಾಶ್ ನೀರಿನ ಪಸೆಗೆ ನಿಧಾನಕ್ಕೆ ಹೊರಗೆ ಬರುತ್ತದೆ. ಹಾಗಾದ ಮೇಲೆ ಯಾವ ಆಸಿಡ್ ಹಾಕಿದರೂ ಆ ಮಂಜು ಹೋಗುವುದಿಲ್ಲ. ಕೆಲವರು ಪಾಲಿಶ್ ಹಾಕಿ ಉಜ್ಜಿ ಗಾಜಿನ ಮೈಯನ್ನೇ ಕೆರೆದು ಹಾಕುತ್ತಾರೆ, ನನಗೆ ಅದು ಸರಿ ಅನ್ನಿಸುವುದಿಲ್ಲ. ದಯವಿಟ್ಟು ಹಳೇ ಗಾಜಿನಲ್ಲಿ ನೀರು ನಿಲ್ಲಿಸಬೇಡಿ.

ಈಗ ಎಸಳು. ಹಳೇ ಅಂಟು ಯಾವುದು ಅಂತ ಗೊತ್ತಾಗಬೇಕಾದರೆ ಸೌಮ್ಯವಾದದ್ದರಿಂದ ಶುರು ಮಾಡಬೇಕು. ಉಗುರುಬೆಚ್ಚಗಿನ ನೀರಿಗೆ ಜಗ್ಗಲಿಲ್ಲ, ಹಾಗಾಗಿ ಮೂಳೆ-ಚರ್ಮದಿಂದ ಮಾಡುವ ಹಳೇ ಕಾಲದ ಅಂಟಲ್ಲ. ಅಸಿಟೋನ್ ತಾಗಿಸಿದರೆ ಮೆತ್ತಗಾಯಿತು. ಮೊದಲೇ ಕಣ್ಣಿಗೆ ಬೀಳದ ಒಂದು ಮೂಲೆಯ ಹೂವಿಗೆ ಅಸಿಟೋನ್ ತಾಗಿಸಿ ಬಣ್ಣ ಕರಗುವುದಿಲ್ಲ ಅಂತ ನೋಡಿಕೊಂಡಿದ್ದೆ. ಗೂಡಿನಲ್ಲಿ ಸುಟ್ಟ ಬಣ್ಣ ಕರಗುವುದಿಲ್ಲ, ಸುಡದೆ ಬಳಿದದ್ದಾದರೆ ಕರಗುತ್ತದೆ. ಬಿರುಕಿನ ಗುಂಟ ಅಸಿಟೋನ್ ಹತ್ತಿ ಇಟ್ಟು, ಆರದ ಹಾಗೆ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಕಿಟಕಿ ತೆರೆದಿಟ್ಟು, ಕಾದೆ. ಆಗಾಗ ಹತ್ತಿ ಬದಲಿಸಿದೆ. ಕೊನೆಗೆ ಎಸಳು ತಾನಾಗಿ ಕೈಗೆ ಬಂತು. ಎಳೆಯಬೇಕಾಗಲಿಲ್ಲ. ಎಳೆಯಬಾರದು ಕೂಡ, ಎಳೆದರೆ ಅಂಟು ಗಾಜಿನ ಚಕ್ಕೆಯನ್ನೂ ಜೊತೆಗೆ ಕೀಳುತ್ತದೆ.

ಅಂಚುಗಳಿಗೆ ಅಂಟಿದ್ದ ಅಂಟಿನ ಚೂರುಗಳನ್ನು ಸ್ಕ್ಯಾಲ್ಪೆಲ್ ಅಡ್ಡ ಮಲಗಿಸಿ ತೆಗೆದೆ. ಆಮೇಲೆ ಅಸಿಟೋನ್, ಆಮೇಲೆ ಆಲ್ಕೊಹಾಲ್. ಇಷ್ಟಾದ ಮೇಲೆ ಮುರಿದ ಅಂಚನ್ನು ಬೆರಳಿಂದ ಮುಟ್ಟುವ ಹಾಗಿಲ್ಲ. ಬೆರಳಿನ ಎಣ್ಣೆ ಸಾಕು, ಅಂಟು ಹಿಡಿಯುವುದಿಲ್ಲ.

ಯಾವ ಅಂಟು ಅನ್ನುವುದು ದೊಡ್ಡ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಸೂಪರ್ ಗ್ಲೂ ಗಾಜಿಗೆ ಬೇಡವೇ ಬೇಡ. ಗಾಜಿನ ಮೈ ಕ್ಷಾರ, ಜೊತೆಗೆ ಪಸೆ ಸೇರಿದರೆ ಆ ಅಂಟು ಕಾಲಕ್ರಮದಲ್ಲಿ ಬಿಟ್ಟುಕೊಳ್ಳುತ್ತದೆ. ಮ್ಯೂಸಿಯಂ ಕೆಲಸದವರು ಬಳಸುವುದರಲ್ಲಿ ಎರಡು ನನಗೆ ಹತ್ತಿರ. ಒಂದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ. ಅಸಿಟೋನಿನಲ್ಲಿ ಕರಗಿಸಿ ಹಚ್ಚುವುದು, ಬೇಡವಾದರೆ ಮತ್ತೆ ಅಸಿಟೋನಿನಲ್ಲೇ ತೆಗೆಯಬಹುದು, ತುಂಬಾ ಒಳ್ಳೆಯ ಗುಣ. ಆದರೆ ಅದು 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮನೆಯಲ್ಲಿ ಗಾಜು ಇಟ್ಟುಕೊಂಡವರು ಇದನ್ನು ನೆನಪಿಡಬೇಕು, ಭಾರ ಹೊರುವ ಕಡೆ ಇದು ಜಾರಬಹುದು. ಇನ್ನೊಂದು ಹೆಕ್ಸ್‌ಟಲ್ ಎನ್‌ವೈಎಲ್-1 ಎಂಬ ಎಪಾಕ್ಸಿ. ತುಂಬಾ ತೆಳು, ಹಳದಿಯಾಗುವುದು ತೀರಾ ಕಡಿಮೆ, ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಗ್ಗಿಸುತ್ತದೆ. ಹಾಗಾಗಿ ಪಾರದರ್ಶಕ ಗಾಜಿನ ಬಿರುಕಿಗೆ ಅದು ಇಳಿದರೆ ಬಿರುಕು ಕಣ್ಣಿಗೆ ಮಾಯ. ತೆಗೆಯುವುದು ಮಾತ್ರ ಕಷ್ಟ. ನನ್ನ ಎಸಳಿನಲ್ಲಿ ಲೋಲಕ ತೂಗುವ ತೂತು ಮುರಿದ ತುಂಡಿನಲ್ಲೇ ಇದೆ, ಭಾರವೆಲ್ಲ ಅಂಟಿನ ಮೇಲೆ. ಅದಕ್ಕೆ ಹೆಕ್ಸ್‌ಟಲ್ ಆರಿಸಿದೆ.

ಇದನ್ನು ಅಳತೆಗಣ್ಣಲ್ಲಿ ಬೆರೆಸುವ ಹಾಗಿಲ್ಲ. ಇದರಲ್ಲಿ ಎರಡು ದ್ರವ, ರಾಳ ಮತ್ತು ಅದನ್ನು ಗಟ್ಟಿ ಮಾಡುವುದು, ತೂಕದಲ್ಲಿ 3ಕ್ಕೆ 1. ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿ ಬೇಕು. 3 ಗ್ರಾಂಗೆ 1 ಗ್ರಾಂ ಹಾಕಿ ಗಾಳಿ ಸೇರದ ಹಾಗೆ ನಿಧಾನಕ್ಕೆ ಕಲಸಿ, ಒಳಗಿನ ಗುಳ್ಳೆಗಳೆಲ್ಲ ಮೇಲೆದ್ದು ಹೋಗುವವರೆಗೆ ಬಿಟ್ಟೆ. ಅಷ್ಟರಲ್ಲಿ ಎಸಳನ್ನು ಒಣದಾಗಿಯೇ ಜಾಗಕ್ಕೆ ಕೂರಿಸಿ ಟೇಪಿನ ಸಣ್ಣ ಸಣ್ಣ ಪಟ್ಟಿಯಿಂದ ಬಿಗಿದೆ. ಟೇಪು ಒಳಮೈಗೆ ಮಾತ್ರ. ಹೊರಗೆ ಚಿನ್ನ ಇದೆ, ಟೇಪು ಕೀಳುವಾಗ ಚಿನ್ನವೂ ಎದ್ದು ಬರುತ್ತದೆ. ಸರಿಯಾಗಿ ಕೂತಿದೆಯಾ ಅಂತ ನೋಡಲು ಕಣ್ಣು ಸಾಲದು. ಮರದ ಹಲ್ಲುಕಡ್ಡಿಯನ್ನು ಬಿರುಕಿನ ಮೇಲೆ ಅಡ್ಡ ಎಳೆಯಿರಿ, ಕೂದಲೆಳೆಯಷ್ಟು ಮೆಟ್ಟಿಲಿದ್ದರೂ ಕೈಗೆ ಟಕ್ ಅಂತ ಗೊತ್ತಾಗುತ್ತದೆ. ಆಮೇಲೆ ಸೂಜಿಯ ತುದಿಯಲ್ಲಿ ಒಂದು ಹನಿ ಅಂಟು ತೆಗೆದು ಬಿರುಕಿನ ಬಾಯಿಗೆ ಮುಟ್ಟಿಸಬೇಕು. ಅಷ್ಟೇ ನಮ್ಮ ಕೆಲಸ. ಅಂಟು ತಾನಾಗಿ ಒಳಗೆ ಎಳೆದುಕೊಂಡು ಹೋಗುತ್ತದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಬಿರುಕು ಅಂಟು ಹರಿದಷ್ಟೂ ಅಳಿಸಿಕೊಂಡು ಹೋಗುವುದನ್ನು ನೋಡುವುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ. ಎಲ್ಲ ಕಡೆ ಇಳಿದ ಮೇಲೆ, ಹೊರಗೆ ಉಳಿದ ಅಂಟನ್ನು ಅಸಿಟೋನ್ ಸೋಕಿಸಿ ಹಿಂಡಿದ ಹತ್ತಿಯಿಂದ ಒರೆಸಿ, ಒಂದು ವಾರ ಮುಟ್ಟದೆ ಬಿಡಬೇಕು. ಕೋಣೆ ತಣ್ಣಗಿದ್ದರೆ ಇನ್ನೂ ತಡ.

ಗಟ್ಟಿಯಾದ ಮೇಲೆ ಒಳಗಿಂದ ನೋಡಿದರೆ ಬಿರುಕು ಇಲ್ಲವೇ ಇಲ್ಲ. ಹೊರಗಿನ ಬಿಳಿಯಲ್ಲಿ ಒಂದು ಗೆರೆ ಕಾಣುತ್ತದೆ. ಬೆಳಕು ಹಾಯದ ಗಾಜಿನಲ್ಲಿ ಈ ಅಂಟಿನ ಜಾದೂ ನಡೆಯುವುದಿಲ್ಲ. ಆ ಗೆರೆಯ ಮೇಲೆ ಬಣ್ಣ ಬಳಿದು ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಎಸಳು ಮುರಿದಿತ್ತು ಅನ್ನುವುದು ಈ ಪಾತ್ರೆಯ ಚರಿತ್ರೆ, ಮುಂದೆ ಇದನ್ನು ಕೊಳ್ಳುವವರಿಗೆ ಅದು ಬರಿಗಣ್ಣಿಗೇ ಕಾಣಬೇಕು.

ಪುಟ್ಟಿ ತೆಗೆದ ಉಗುರಿನಷ್ಟು ಜಾಗವನ್ನು ಮಾತ್ರ ತುಂಬಿದೆ, ಯಾಕೆಂದರೆ ಬಿಳಿ ಪದರದ ಚೂಪು ಅಂಚು ತೆರೆದಿದ್ದರೆ ಇನ್ನೂ ಚಕ್ಕೆ ಏಳುತ್ತದೆ. ಅದೇ ಹೆಕ್ಸ್‌ಟಲ್‌ಗೆ ಫ್ಯೂಮ್ಡ್ ಸಿಲಿಕಾ ಪುಡಿ ಸೇರಿಸಿ ಬೆಣ್ಣೆಯ ಹದಕ್ಕೆ ತಂದು, ಟೈಟಾನಿಯಂ ಬಿಳಿ ಮತ್ತು ಚಿಟಿಕೆಗಿಂತ ಕಡಿಮೆ ಹಳದಿ ಮಣ್ಣಿನ ಬಣ್ಣ ಬೆರೆಸಿದೆ. ಸಿಲಿಕಾ ಪುಡಿ ಗಾಳಿಯಲ್ಲಿ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳದೆ ಡಬ್ಬಿ ತೆರೆಯಬೇಡಿ. ಬರೀ ಟೈಟಾನಿಯಂ ಬಿಳಿ ಹಾಕಿದರೆ ಕಾಗದದಂತೆ ಎದ್ದು ಕಾಣುತ್ತದೆ, ಹಳೇ ಬಿಳಿ ಗಾಜು ಅಷ್ಟು ಬಿಳಿಯಲ್ಲ. ಹಗಲು ಬೆಳಕಿನಲ್ಲಿ ಬಣ್ಣ ಹೊಂದಿಸಬೇಕು, ರಾತ್ರಿ ಬಲ್ಬಿನಡಿ ಹೊಂದಿಸಿದ್ದು ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಗಟ್ಟಿಯಾದ ಮೇಲೆ ಸ್ಕ್ಯಾಲ್ಪೆಲ್‌ನಲ್ಲೇ ಹೆರೆದು ಸಮ ಮಾಡಿದೆ. ಉಜ್ಜುಕಾಗದ ಹಾಕಿದರೆ ಅಕ್ಕಪಕ್ಕದ ಗಾಜಿಗೂ ಚಿನ್ನಕ್ಕೂ ಗೀರು ಬೀಳುತ್ತದೆ.

ಪಾದದ ಕಂಚಿನ ಬಣ್ಣಕ್ಕೆ ಬಂದರೆ, ಚಿನ್ನ ಸವೆದಿದೆ ಅಂತ ಯಾರೋ ಹಿತ್ತಾಳೆ ಪುಡಿಯ ಬಣ್ಣ ಬಳಿದಿದ್ದರು. ಅದು ಕೆಲವೇ ವರ್ಷಕ್ಕೆ ಕಂದಾಗುತ್ತದೆ, ಮಸೂರದಲ್ಲಿ ಕಾಳುಕಾಳಾಗಿ ಕಾಣುತ್ತದೆ. ಹತ್ತಿ ಕಡ್ಡಿ, ಅಸಿಟೋನ್, ತಾಳ್ಮೆ. ಕೆಳಗೆ ಹಳೇ ಚಿನ್ನ ಹಾಗೇ ಇತ್ತು, ಅರ್ಧ ಕಡೆ ತೆಳುವಾಗಿ, ಅರ್ಧ ಕಡೆ ತುಂಬಾಗಿ. ಹೊಸ ಚಿನ್ನ ಹಚ್ಚಿಸಲಿಲ್ಲ. ಕೈ ಹಿಡಿದು ಎತ್ತುವ ಜಾಗದಲ್ಲಿ ಚಿನ್ನ ಸವೆದಿರುವುದು ಸಹಜ, ಅದನ್ನು ನೋಡಿದರೆ ನನಗೆ ಸಂತೋಷವೇ ಆಗುತ್ತದೆ.

ಉಳಿದದ್ದು ಮೂರು ಲೋಲಕ. ಹೊಸ ಲೋಲಕ ಬೇಕಾದಷ್ಟು ಸಿಗುತ್ತವೆ. ಕಾಮೆನಿಟ್ಸ್ಕಿ ಶೆನೋವ್ ಇವತ್ತಿಗೂ ತೂಗುದೀಪಗಳ ಊರು, 1856ರಲ್ಲಿ ಅಲ್ಲಿ ಗಾಜಿನ ಶಾಲೆ ಶುರುವಾಯಿತು. ಯಾಬ್ಲೊನೆಟ್ಸ್ ಕಡೆ ಮಣಿ, ಹರಳು, ಲೋಲಕಗಳ ವ್ಯಾಪಾರ ಇನ್ನೂ ಇದೆ. (ನಮ್ಮ ಅಜ್ಜಿ, ಮುತ್ತಜ್ಜಿಯರ ಕಾಲದಲ್ಲಿ ಭಾರತದ ಬಳೆ ಮಾರುಕಟ್ಟೆಗೆ ಈ ಯಾಬ್ಲೊನೆಟ್ಸ್ ಸೀಮೆಯ ಗಾಜಿನ ಬಳೆ, ಮಣಿಗಳು ರಾಶಿರಾಶಿ ಬರುತ್ತಿದ್ದವು. ಅಲ್ಲಿನ ಗಾಜಿನ ಮ್ಯೂಸಿಯಂಗೆ ಹೋಗುವ ಕನ್ನಡಿಗರು ಇದನ್ನು ನೆನಪಿನಲ್ಲಿಟ್ಟುಕೊಂಡು ಹೋಗಿ, ನೋಡುವ ಕಣ್ಣೇ ಬದಲಾಗುತ್ತದೆ.) ಆದರೆ ಹೊಸ ಲೋಲಕಗಳಲ್ಲಿ ಸೀಸದ ಗಾಜಿನವೂ ಇವೆ, ಸಾಣೆ ಬಹುಪಾಲು ಮೆಷಿನ್ನಿನದು. ಹಳೆಯದರ ಪಕ್ಕ ತೂಗಿಸಿದರೆ ಅದೊಂದೇ ಕಣ್ಣು ಕುಕ್ಕುತ್ತದೆ. ನನಗೆ ಬೇಕಿದ್ದದ್ದು ಹಳೇ ಪೊಟ್ಯಾಶ್ ಗಾಜಿನ ಲೋಲಕ, ಒಡೆದ ತೂಗುದೀಪಗಳ ಬಿಡಿಭಾಗದ ಡಬ್ಬಿಗಳಲ್ಲಿ ಹುಡುಕಬೇಕು.

ಬರೀ ಕಣ್ಣಲ್ಲಿ ಗೊತ್ತಾಗದಿದ್ದರೆ ತೂಕ ಹಾಕಿ. ಮನೆಯಲ್ಲೇ ಮಾಡಬಹುದು. ಲೋಲಕವನ್ನು ಮೊದಲು ಒಣದಾಗಿ ತೂಗಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಲೋಲಕವನ್ನು ದಾರದಲ್ಲಿ ಕಟ್ಟಿ, ತಳ-ಗೋಡೆ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಲೋಲಕದ ಗಾತ್ರ ಅಷ್ಟು ಘನ ಸೆಂ.ಮೀ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ನನ್ನ ಮೂಲ ಲೋಲಕ ಒಂದು 40 ಗ್ರಾಂ, ನೀರಲ್ಲಿ 16. ಅಂದರೆ 2.5, ಸೀಸವಿಲ್ಲದ ಗಾಜು. ಅಷ್ಟೇ ಉದ್ದ, ಅಷ್ಟೇ ದಪ್ಪದ, ಮಾರುವವರು ಹಳೆಯದು ಎಂದ ಇನ್ನೊಂದು 47 ಗ್ರಾಂ ಬಂತು, ನೀರಲ್ಲಿ ಅದೇ 16. ಸಾಂದ್ರತೆ 2.9ರ ಮೇಲೆ, ಸೀಸದ್ದು. ಅದನ್ನು ಪಕ್ಕಕ್ಕಿಟ್ಟೆ. ಕೊನೆಗೆ ಒಂದು ಬಿಡಿಭಾಗದ ಡಬ್ಬಿಯಲ್ಲಿ ಮೂರು ಸಿಕ್ಕವು, 2.5 ಬಂತು, ಉದ್ದ ಸ್ವಲ್ಪ ಕಡಿಮೆ, ಬಣ್ಣದಲ್ಲಿ ಅದೇ ತೆಳು ಬೂದು ಛಾಯೆ.

ತಂತಿಗೆ 0.8 ಮಿ.ಮೀ. ಹಿತ್ತಾಳೆ. ಕಬ್ಬಿಣದ ತಂತಿ ತುಕ್ಕು ಹಿಡಿದು ಊದುತ್ತದೆ, ತೂತಿನೊಳಗೆ ಊದಿದರೆ ಗಾಜು ಒಡೆಯುತ್ತದೆ. ಸ್ಟೀಲ್ ಗಡಸು ಜಾಸ್ತಿ, ತೂತಿನ ಅಂಚನ್ನು ಕಡಿಯುತ್ತದೆ. ಹಿತ್ತಾಳೆಯನ್ನೂ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡೆ. ಉಂಡೆಮೂತಿಯ ಇಕ್ಕಳದಲ್ಲಿ ಕೊಕ್ಕೆ ಸುತ್ತುವಾಗ ಒಂದು ನಿಯಮ: ಬಗ್ಗಿಸುವುದೆಲ್ಲ ಗಾಜಿನ ಹೊರಗೆ, ತೂತಿನೊಳಗೆ ತಂತಿಯನ್ನು ತಿರುಚಬಾರದು. ಕೊಕ್ಕೆ ಸಡಿಲ ಇರಬೇಕು, ಲೋಲಕ ಆಡಬೇಕು. ಮೂಲ ಹಿತ್ತಾಳೆ ಕೊಕ್ಕೆಗಳು ಗಟ್ಟಿ ಇದ್ದವು, ಅವನ್ನು ಬದಲಿಸಲಿಲ್ಲ.

ತೂಗುಹಾಕುವಾಗ ಒಂದರ ಎದುರು ಒಂದು, ಆಮೇಲೆ ಅಡ್ಡ, ಹಾಗೆ. ಒಂದೇ ಕಡೆಯಿಂದ ಸಾಲಾಗಿ ಹಾಕುತ್ತಾ ಹೋದರೆ ಭಾರ ಒಂದು ಕಡೆಗೆ ವಾಲುತ್ತದೆ. ಹೊಸದಾಗಿ ಸಿಕ್ಕ ಗಿಡ್ಡ ಮೂರರಲ್ಲಿ ಅತಿ ಹಗುರವಾದದ್ದನ್ನು ಅಂಟಿಸಿದ ಎಸಳಿಗೆ ಕೊಟ್ಟೆ. ಮೇಣದಬತ್ತಿ ಇದಕ್ಕೆ ಇನ್ನು ಇಲ್ಲ. ಬಿಸಿಗೆ ಅಂಟೂ ಹಾಳು, ಪದರದ ಗಾಜೂ ಹಾಳು. ಹಿಂದಿನಿಂದ ಸಣ್ಣ ಎಲ್‌ಇಡಿ ಇಟ್ಟರೆ ಲೋಲಕಗಳು ಚೆನ್ನಾಗಿಯೇ ಆಡುತ್ತವೆ. ಎತ್ತುವಾಗ ಎರಡು ಕೈ, ಒಂದು ಪಾದದಡಿ, ಒಂದು ಕಾಂಡಕ್ಕೆ. ಅಂಚು ಹಿಡಿದು ಎತ್ತಬಾರದು. ಏನು ತೆಗೆದೆ, ಯಾವ ಅಂಟು, ಯಾವ ಲೋಲಕ ಬೇರೆ ಕಡೆಯದು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಫೋಟೋಗಳ ಜೊತೆ ಇಟ್ಟಿದ್ದೇನೆ, ಮಾರಿದರೂ ಕೊಟ್ಟರೂ ಆ ಚೀಟಿ ಗಾಜಿನ ಜೊತೆಗೇ ಹೋಗಬೇಕು.

ಒಂದು ಗುಂಡಿ ಮಾತ್ರ ಇನ್ನೂ ಹೊಂದಿಲ್ಲ. ಸಿಕ್ಕ ಮೂರು ಲೋಲಕಗಳಲ್ಲಿ ಒಂದರ ಮೇಲಿನ ಗುಂಡಿ ದುಂಡಗಿದೆ, ಉಳಿದವೆಲ್ಲ ಎಂಟು ಮೂಲೆ. ಬೇಕಾಗಿರುವುದು: ಎಂಟು ಮೂಲೆ, 18 ಮಿ.ಮೀ. ಅಗಲ, ಎರಡು ತೂತು, ಸೀಸವಿಲ್ಲದ ಹಳೇ ಗಾಜು. ಯಾರ ಹತ್ತಿರವಾದರೂ ಬಿಡಿಭಾಗಗಳ ನಡುವೆ ಇಂಥದ್ದೊಂದು ಇದ್ದರೆ, ಅಂಚು ಸ್ವಲ್ಪ ಚಕ್ಕೆ ಎದ್ದಿದ್ದರೂ ಪರವಾಗಿಲ್ಲ, ತಿಳಿಸಿ.